ಇನ್ಯೋ: ದೂರದಲ್ಲಿ ಕೂತವರು ಹಣೆಬರಹ ಬರೆದ ಕೌಂಟಿ

ಲಾಸ್ ಏಂಜಲೀಸಿನ ನಮ್ಮ ಮನೆಯ ನಲ್ಲಿಯಲ್ಲಿ ಬರುವ ನೀರಿನಲ್ಲಿ ಒಂದು ಪಾಲು ಇನ್ಯೋ ಕೌಂಟಿಯದು. ಮುನ್ನೂರು ಕಿಲೋಮೀಟರ್ ಆಚೆ, ಬೆಟ್ಟಗಳ ಹಿಂದೆ ಇರುವ ಕೌಂಟಿ. ಇಲ್ಲಿನ ಕನ್ನಡದವರಿಗೆ ಅದರ ದಾರಿ ಚೆನ್ನಾಗಿ ಗೊತ್ತು. ಚಳಿಗಾಲ ಬಂತು ಅಂದರೆ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಮ್ಯಾಮತ್‌ಗೆ ಹಿಮ ನೋಡೋಕೆ ಹೊರಡುತ್ತೇವೆ. 395 ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಇನ್ಯೋ ಒಳಗೇ ಹೋಗುತ್ತೇವೆ. ಲೋನ್ ಪೈನ್‌ನಲ್ಲಿ ಗ್ಯಾಸ್ ಹಾಕಿಸುತ್ತೇವೆ, ಬಿಷಪ್‌ನಲ್ಲಿ ಬ್ರೆಡ್ಡು ತಗೊಳ್ಳುತ್ತೇವೆ, ಎಡಗಡೆ ಕಾಣುವ ಬೆಟ್ಟಗಳ ಫೋಟೋ ಹೊಡೆದುಕೊಂಡು ಮುಂದೆ ಹೋಗುತ್ತೇವೆ. ಆ ನೆಲದ ಕಥೆ ಮಾತ್ರ ನಮ್ಮ ಬಳಗದಲ್ಲಿ ಅಷ್ಟಾಗಿ ಯಾರೂ ಹೇಳಿಕೊಳ್ಳುವುದಿಲ್ಲ. ಅದು ನನಗೆ ತುಂಬ ಹಚ್ಚಿಕೊಂಡ ಕಥೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಳತೆ. ಇನ್ಯೋ ಸುಮಾರು 26,500 ಚದರ ಕಿಲೋಮೀಟರ್. ನಮ್ಮ ರಾಜ್ಯದ ಅತಿ ದೊಡ್ಡ ಜಿಲ್ಲೆ ಬೆಳಗಾವಿಯ ಎರಡರಷ್ಟು. ಬೆಳಗಾವಿಯಲ್ಲಿ 2011ರ ಜನಗಣತಿ ಹೊತ್ತಿಗೇ 47 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಇನ್ಯೋದಲ್ಲಿ 2020ರಲ್ಲಿ ಇದ್ದವರು ಸುಮಾರು 19,000. ಇಡೀ ಕೌಂಟಿಗೆ ನಗರಸಭೆ ಇರುವ ಊರು ಬಿಷಪ್ ಒಂದೇ, ಅದರಲ್ಲೂ ನಾಲ್ಕು ಸಾವಿರ ಜನ ಇಲ್ಲ. ಜಿಲ್ಲಾ ಕೇಂದ್ರ ಇಂಡಿಪೆಂಡೆನ್ಸ್ ಅದಕ್ಕಿಂತ ಎಷ್ಟೋ ಚಿಕ್ಕದು. ಕಂಬಗಳ ಮೇಲೆ ನಿಂತ ಬಿಳಿ ಕೋರ್ಟ್ ಕಟ್ಟಡ, ಒಂದಷ್ಟು ಮನೆ, ಅಷ್ಟೇ. ಇನ್ನೊಂದು ಲೆಕ್ಕ ಕೇಳಿ. ಈ ಕೌಂಟಿಯಲ್ಲಿ ಖಾಸಗಿಯವರ ಕೈಯಲ್ಲಿರುವ ಜಮೀನು ನೂರಕ್ಕೆ ಎರಡು ಪಾಲೂ ಇಲ್ಲ. ಬಹುಪಾಲು ಕೇಂದ್ರ ಸರ್ಕಾರದ್ದು. ಕಣಿವೆಯ ತಳದ ಒಳ್ಳೇ ನೆಲ, ಅಂದರೆ ನೀರು ಹರಿಯುವ ನೆಲ, ಹೆಚ್ಚು ಕಡಿಮೆ ಎಲ್ಲ ಲಾಸ್ ಏಂಜಲೀಸ್ ನಗರದ್ದು. ಮುನ್ನೂರು ಕಿಲೋಮೀಟರ್ ದೂರದ ಒಂದು ನಗರ ಇನ್ನೊಂದು ಕೌಂಟಿಯ ಜಮೀನ್ದಾರ. ಈ ಕೌಂಟಿಯ ಚರಿತ್ರೆಯ ಗಂಟು ಇಲ್ಲೇ ಇದೆ.

ನೆಲ ನೋಡಿದರೆ ಯಾರಿಗಾದರೂ ದಿಗ್ಭ್ರಮೆ ಆಗಬೇಕು. ಅಲಾಸ್ಕಾ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ ಇರುವುದು ಇಲ್ಲೇ, ಕೌಂಟಿಯ ಪಶ್ಚಿಮದ ಅಂಚಿನಲ್ಲಿ. 4,421 ಮೀಟರ್. ಉತ್ತರ ಅಮೆರಿಕದ ಅತಿ ತಗ್ಗಿನ ನೆಲ, ಡೆತ್ ವ್ಯಾಲಿಯ ಬ್ಯಾಡ್‌ವಾಟರ್, ಅದೂ ಇಲ್ಲೇ. ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಇವೆರಡರ ನಡುವೆ ಹಕ್ಕಿ ಹಾರಿದರೆ 140 ಕಿಲೋಮೀಟರ್ ಕೂಡ ಆಗುವುದಿಲ್ಲ. ಪೆಸಿಫಿಕ್ ಕಡೆಯಿಂದ ಬರುವ ಮೋಡ ಸಿಯೆರಾ ಬೆಟ್ಟಸಾಲನ್ನು ಹತ್ತುವಾಗಲೇ ಮಳೆ, ಹಿಮ ಎಲ್ಲ ಸುರಿದುಬಿಡುತ್ತದೆ. ಪೂರ್ವಕ್ಕೆ ಇಳಿಯುವ ಗಾಳಿ ಒಣಗಾಳಿ. ಇಂಡಿಪೆಂಡೆನ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಹನ್ನೆರಡು ಹದಿಮೂರು ಸೆಂಟಿಮೀಟರ್. ಡೆತ್ ವ್ಯಾಲಿಯಲ್ಲಿ ಅದರ ಅರ್ಧವೂ ಇಲ್ಲ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇವತ್ತಿಗೂ ಜಗತ್ತಿನ ಅಧಿಕೃತ ದಾಖಲೆ. ಆದರೆ ಮಳೆ ಇಲ್ಲದ ನಾಡು ಅಂದಮಾತ್ರಕ್ಕೆ ನೀರಿಲ್ಲದ ನಾಡು ಅಂದುಕೊಳ್ಳಬಾರದು. ಸಿಯೆರಾದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ, ಹತ್ತಾರು ಹಳ್ಳಗಳಾಗಿ ಇಳಿದು, ಓವೆನ್ಸ್ ನದಿ ಸೇರುತ್ತದೆ. ಈ ಹಳ್ಳಗಳೇ ಇಲ್ಲಿನ ಜೀವ. ಇಲ್ಲಿನ ಜಗಳಕ್ಕೂ ಅವೇ ಕಾರಣ.

ಕಣಿವೆಯ ಪೂರ್ವಕ್ಕೆ ವೈಟ್ ಮೌಂಟನ್ಸ್ ಅನ್ನುವ ಇನ್ನೊಂದು ಬೆಟ್ಟಸಾಲು. ಅಲ್ಲಿ ಮೂರು ಸಾವಿರ ಮೀಟರ್ ಎತ್ತರದಲ್ಲಿ ಬ್ರಿಸಲ್‌ಕೋನ್ ಪೈನ್ ಮರಗಳಿವೆ. ಅವುಗಳಲ್ಲಿ ಒಂದರ ವಯಸ್ಸು 4,800 ವರ್ಷ ದಾಟಿದೆ. 1957ರಲ್ಲಿ ಎಡ್ಮಂಡ್ ಶುಲ್ಮನ್ ಅನ್ನುವ ವಿಜ್ಞಾನಿ ಅದರ ಉಂಗುರಗಳನ್ನು ಎಣಿಸಿದರು. ಯಾವ ಮರ ಅಂತ ಅರಣ್ಯ ಇಲಾಖೆ ಯಾರಿಗೂ ತೋರಿಸುವುದಿಲ್ಲ, ತೊಗಟೆ ಕಿತ್ತುಕೊಂಡು ಹೋಗುವವರ ಭಯ. ಹತ್ತಿರ ನಿಂತು ನೋಡಿದರೆ ಮರದ ಬಹುಭಾಗ ಸತ್ತಿರುತ್ತದೆ. ಗಾಳಿಗೆ ಸವೆದು ನುಣುಪಾದ, ಜೇನಿನ ಬಣ್ಣದ ಬೋಳು ಕಟ್ಟಿಗೆ. ಅದರ ಒಂದು ಪಕ್ಕದಲ್ಲಿ ಅಂಗೈ ಅಗಲದ ತೊಗಟೆಯ ಪಟ್ಟಿ ಬೇರಿನಿಂದ ಮೇಲಿನವರೆಗೂ ಹತ್ತಿರುತ್ತದೆ. ಆ ಪಟ್ಟಿಯ ತುದಿಯಲ್ಲಿ ಮಾತ್ರ ಹಸಿರು. ಒಂದೊಂದು ಎಲೆಸೂಜಿ ಮೂವತ್ತು ನಲವತ್ತು ವರ್ಷ ಉದುರದೆ ಇರುತ್ತದೆ. ಮಣ್ಣು ಸುಣ್ಣದ ಕಲ್ಲಿನದು, ಬೇರೆ ಗಿಡ ಬದುಕುವುದೇ ಕಷ್ಟ. ಹಾಗಾಗಿ ಮರಗಳು ದೂರ ದೂರ ನಿಂತಿವೆ, ಬೆಂಕಿ ಬಿದ್ದರೂ ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ಅಪರೂಪ.

ಈ ಕಣಿವೆಗೆ ಓವೆನ್ಸ್ ಅಂತ ಹೆಸರಿಟ್ಟಿದ್ದು 1845ರಲ್ಲಿ, ಫ್ರೀಮಾಂಟ್ ಅನ್ನುವ ಸೈನ್ಯಾಧಿಕಾರಿ. ತನ್ನ ಜೊತೆಗಿದ್ದ ರಿಚರ್ಡ್ ಓವೆನ್ಸ್ ಹೆಸರನ್ನು ನದಿಗೂ ಸರೋವರಕ್ಕೂ ಇಟ್ಟ. ಆ ಓವೆನ್ಸ್ ಈ ಕಣಿವೆಗೆ ಕಾಲಿಡಲೇ ಇಲ್ಲ. ಇಲ್ಲಿ ಪಯೂಟ್ ಜನ ಸಾವಿರಾರು ವರ್ಷದಿಂದ ಇದ್ದರು. ಅಲೆದಾಡಿ ಬೇರು ಗೆಡ್ಡೆ ಅಗೆಯುವ ಜನ ಅಂತ ಬಿಳಿಯರು ಅವರ ಬಗ್ಗೆ ಹಗುರವಾಗಿ ಬರೆದರು. ನಿಜ ಏನೆಂದರೆ, ಅವರು ಹಳ್ಳಗಳಿಗೆ ಒಡ್ಡು ಕಟ್ಟಿ, ಕಿಲೋಮೀಟರ್‌ಗಟ್ಟಲೆ ಕಾಲುವೆ ತೋಡಿ, ಕಾಡಿನ ಗೆಡ್ಡೆಗಳು ಬೆಳೆಯುವ ಬಯಲುಗಳಿಗೆ ನೀರು ಹಾಯಿಸುತ್ತಿದ್ದರು. ಬಿಷಪ್ ಹತ್ತಿರದ ಕಾಲುವೆಗಳು ಇವುಗಳಲ್ಲೇ ದೊಡ್ಡವು. ನೀರು ಬಿಡುವ ಕೆಲಸಕ್ಕೆ ಪ್ರತಿ ವರ್ಷ ಒಬ್ಬನನ್ನು ಆರಿಸುತ್ತಿದ್ದರು. ನಮ್ಮ ಕೆರೆಗಳ ನೀರುಗಂಟಿಯ ಕೆಲಸ ಇದ್ದ ಹಾಗೆ. ಒಂದು ವರ್ಷ ಈ ಬಯಲಿಗೆ, ಮುಂದಿನ ವರ್ಷ ಆ ಬಯಲಿಗೆ ನೀರು ತಿರುಗಿಸಿ ನೆಲಕ್ಕೆ ಬಿಡುವು ಕೊಡುತ್ತಿದ್ದರು.

1861ರ ಹೊತ್ತಿಗೆ ದನಗಾಹಿಗಳು ಬಂದರು. ದನಗಳು ಆ ಬಯಲುಗಳಿಗೇ ನುಗ್ಗಿ ಮೇಯ್ದವು. ಚಳಿಗಾಲದಲ್ಲಿ ಹಸಿದ ಪಯೂಟರು ದನ ಹಿಡಿದು ತಿಂದರು. ಗುಂಡು ಹಾರಿತು. 1862ರ ಜುಲೈ 4ರಂದು ಸೈನ್ಯ ಬಂದು ಕ್ಯಾಂಪ್ ಇಂಡಿಪೆಂಡೆನ್ಸ್ ಹಾಕಿತು. ಊರಿಗೆ ಇವತ್ತಿರುವ ಹೆಸರು ಆ ಕ್ಯಾಂಪಿನದೇ. ಮರುವರ್ಷ ಬೇಸಿಗೆಯಲ್ಲಿ 900ಕ್ಕೂ ಜಾಸ್ತಿ ಪಯೂಟರನ್ನು, ಹೆಂಗಸರು ಮಕ್ಕಳು ಮುದುಕರು ಅಂತ ನೋಡದೆ, ಸೈನಿಕರ ಕಾವಲಿನಲ್ಲಿ ದಕ್ಷಿಣದ ಫೋರ್ಟ್ ಟೆಹೋನ್‌ವರೆಗೆ ನಡೆಸಿಕೊಂಡು ಹೋದರು. ಜುಲೈ ತಿಂಗಳ ಮರುಭೂಮಿ ಅದು. ದಾರಿಯಲ್ಲಿ ಎಷ್ಟೋ ಜನ ಸತ್ತರು. ಅಲ್ಲಿ ಅವರಿಗೆ ತಿನ್ನೋಕೂ ಸರಿಯಾಗಿ ಕೊಡಲಿಲ್ಲ. ಒಬ್ಬೊಬ್ಬರೇ, ಕುಟುಂಬ ಕುಟುಂಬವಾಗಿ ತಪ್ಪಿಸಿಕೊಂಡು ವಾಪಸ್ ಬಂದರು. ಬಂದು ನೋಡಿದರೆ ತಾವು ತೋಡಿದ ಕಾಲುವೆಗಳಲ್ಲೇ ಬೇರೆಯವರ ಗೋಧಿ ಗದ್ದೆಗೆ ನೀರು ಹರಿಯುತ್ತಿತ್ತು. ಹೊಟ್ಟೆಪಾಡಿಗೆ ಅದೇ ಹೊಲಗಳಲ್ಲಿ ಕೂಲಿಗೆ ನಿಂತರು.

1866ರಲ್ಲಿ ಇನ್ಯೋ ಕೌಂಟಿ ಆಯಿತು. ಆ ಕಾಲದ ಕಥೆಗಳು ಬೇಕಾದಷ್ಟಿವೆ. ಅಂತರ್ಯುದ್ಧದ ದ್ವೇಷ ಇಲ್ಲಿನ ಬೆಟ್ಟಗಳ ಹೆಸರಿನಲ್ಲೂ ಉಳಿದಿದೆ. ದಕ್ಷಿಣದ ಪರ ಇದ್ದವರು ತಮ್ಮ ಯುದ್ಧನೌಕೆಯ ಹೆಸರಿನಲ್ಲಿ ಅಲಬಾಮಾ ಹಿಲ್ಸ್ ಅಂದರು. 1864ರಲ್ಲಿ ಕಿಯರ್‌ಸಾರ್ಜ್ ಅನ್ನುವ ನೌಕೆ ಆ ಅಲಬಾಮಾವನ್ನು ಮುಳುಗಿಸಿದ ಮೇಲೆ ಉತ್ತರದ ಪರ ಇದ್ದವರು ಎದುರಿನ ಗಣಿಗೂ ಶಿಖರಕ್ಕೂ ಕಿಯರ್‌ಸಾರ್ಜ್ ಅಂತ ಹೆಸರಿಟ್ಟರು. ಸೆರೊ ಗೋರ್ಡೊ ಗಣಿಯಿಂದ ಬೆಳ್ಳಿ ಬಂತು. ಬೆಳ್ಳಿಯ ಗಟ್ಟಿಗಳನ್ನು ಹಡಗಿಗೆ ತುಂಬಿ ಓವೆನ್ಸ್ ಸರೋವರ ದಾಟಿಸಿ, ಅಲ್ಲಿಂದ ಹೇಸರಗತ್ತೆ ಗಾಡಿಗಳಲ್ಲಿ ಲಾಸ್ ಏಂಜಲೀಸಿಗೆ ಕಳಿಸುತ್ತಿದ್ದರು. ಆಗ ಲಾಸ್ ಏಂಜಲೀಸ್ ಅನ್ನುವುದು ಧೂಳು ಹಿಡಿದ ಚಿಕ್ಕ ಊರು. ಅದರ ವ್ಯಾಪಾರ ಚಿಗುರಿದ್ದಕ್ಕೆ ಇನ್ಯೋದ ಬೆಳ್ಳಿಯೂ ಒಂದು ಕಾರಣ. ಇದನ್ನು ನಮ್ಮ ನಗರದವರು ನೆನಪಿಟ್ಟುಕೊಳ್ಳಬೇಕು. 1872ರ ಮಾರ್ಚ್ 26ರ ನಡುರಾತ್ರಿ ದೊಡ್ಡ ಭೂಕಂಪ ಆಯಿತು. ಲೋನ್ ಪೈನ್‌ನ ಮಣ್ಣಿನ ಮನೆಗಳು ನೆಲಕಚ್ಚಿದವು, 27 ಜನ ಸತ್ತರು. ಊರಿನ ಉತ್ತರಕ್ಕೆ ಹೆದ್ದಾರಿ ಪಕ್ಕದ ದಿಬ್ಬದ ಮೇಲೆ ಅವರಲ್ಲಿ ಹಲವರನ್ನು ಒಟ್ಟಿಗೆ ಹೂಳಿದ ಜಾಗ ಇದೆ.

ಈಗ ನೀರಿನ ಕಥೆ. ಇಪ್ಪತ್ತನೇ ಶತಮಾನ ಶುರುವಾದಾಗ ಲಾಸ್ ಏಂಜಲೀಸ್ ಬೆಳೆಯುತ್ತಿತ್ತು, ಅದರ ನದಿ ಸಾಲುತ್ತಿರಲಿಲ್ಲ. ಅಲ್ಲಿ ಮೇಯರ್ ಆಗಿದ್ದ ಫ್ರೆಡ್ ಈಟನ್ ಓವೆನ್ಸ್ ಕಣಿವೆ ನೋಡಿದ್ದ. ಅವನು 1904ರಲ್ಲಿ ನಗರದ ನೀರಿನ ಇಂಜಿನಿಯರ್ ವಿಲಿಯಂ ಮುಲ್‌ಹೊಲಂಡ್‌ನನ್ನು ಇಲ್ಲಿಗೆ ಕರಕೊಂಡು ಬಂದ. ಅದೇ ಹೊತ್ತಿಗೆ ಕೇಂದ್ರ ಸರ್ಕಾರದ ನೀರಾವರಿ ಇಲಾಖೆ ಈ ಕಣಿವೆಯ ರೈತರಿಗಾಗಿ ಒಂದು ಯೋಜನೆ ಸರ್ವೆ ಮಾಡಿಸುತ್ತಿತ್ತು. ರೈತರು ಖುಷಿಯಾಗಿದ್ದರು. ಇಲಾಖೆಯ ಆ ಭಾಗದ ಮುಖ್ಯಸ್ಥ ಲಿಪಿಂಕಾಟ್ ಇಲಾಖೆಯ ಸಂಬಳದ ಜೊತೆಗೆ ಲಾಸ್ ಏಂಜಲೀಸ್ ನಗರಕ್ಕೂ ದುಡ್ಡು ತಗೊಂಡು ಸಲಹೆ ಕೊಡುತ್ತಿದ್ದ. ಈಟನ್ ಬಂದು ಹೊಲ, ನೀರಿನ ಹಕ್ಕು ಕೊಳ್ಳತೊಡಗಿದ. ಸರ್ಕಾರದ ನೀರಾವರಿ ಕೆಲಸಕ್ಕೇ ಕೊಳ್ಳುತ್ತಿದ್ದಾನೆ ಅಂತ ತುಂಬ ಜನ ನಂಬಿದರು. ಅವರ ಆ ನಂಬಿಕೆಯನ್ನು ಈಟನ್ ಸರಿಪಡಿಸೋಕೆ ಹೋಗಲಿಲ್ಲ. 1905ರ ಜುಲೈ ಕೊನೆಯಲ್ಲಿ ಲಾಸ್ ಏಂಜಲೀಸಿನ ಪತ್ರಿಕೆ ಸುದ್ದಿ ಹೊಡೆಯುವಷ್ಟರಲ್ಲಿ ಬೇಕಾದ ಜಮೀನು ಕೈ ಬದಲಾಗಿತ್ತು. ರೈತರ ನೀರಾವರಿ ಯೋಜನೆ ಅಲ್ಲಿಗೇ ನಿಂತುಹೋಯಿತು.

1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ನಗರದ ಪರ ನಿಂತರು. ಕೆಲವೇ ರೈತರಿಗಿಂತ ದೊಡ್ಡ ನಗರದ ಜನಕ್ಕೆ ಈ ನೀರಿನಿಂದ ಜಾಸ್ತಿ ಉಪಯೋಗ ಅನ್ನುವುದು ಅವರ ಲೆಕ್ಕ. ಹೊಸ ರೈತರು ಬಂದು ನೆಲೆ ಹೂಡದಿರಲಿ ಅಂತ ಮರವೇ ಇಲ್ಲದ ಕಣಿವೆ ತಳವನ್ನು ರಕ್ಷಿತ ಅರಣ್ಯಕ್ಕೆ ಸೇರಿಸಿದರು. ನನಗೆ ಈ ಲೆಕ್ಕದ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ನಗರದಲ್ಲಿ ಕುಡಿಯುವ ನೀರಿಲ್ಲದಿದ್ದರೆ ಜನ ಏನು ಮಾಡಬೇಕು? ನಾನೂ ಅದೇ ನೀರು ಕುಡಿಯುತ್ತೇನೆ. ಆದರೆ ಕೇಳಿ ತಗೊಳ್ಳುವುದು ಬೇರೆ, ಮುಚ್ಚಿಟ್ಟು ತಗೊಳ್ಳುವುದು ಬೇರೆ. ಜೊತೆಗೆ, ಆ ನೀರು ಮೊದಲು ಹರಿದಿದ್ದು ಬರೀ ಕುಡಿಯೋಕೂ ಅಲ್ಲ. ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಶ್ರೀಮಂತರು ಮೊದಲೇ ಕೊಂಡಿಟ್ಟಿದ್ದ ಒಣ ನೆಲಕ್ಕೆ ಆ ನೀರು ಹೋಯಿತು. 1915ರಲ್ಲಿ ಆ ಕಣಿವೆಯನ್ನು ನಗರಕ್ಕೆ ಸೇರಿಸಿಕೊಂಡರು, ಜಾಗದ ಬೆಲೆ ಗಗನಕ್ಕೇರಿತು. ಇವತ್ತು ಅಲ್ಲಿ ನಮ್ಮಂಥ ಭಾರತೀಯರ ಮನೆಗಳೂ ಬೇಕಾದಷ್ಟಿವೆ.

ಕಾಲುವೆಯ ಕೆಲಸ 1908ರಲ್ಲಿ ಶುರುವಾಗಿ ಐದು ವರ್ಷಕ್ಕೆ ಮುಗಿಯಿತು. 375 ಕಿಲೋಮೀಟರ್ ಉದ್ದ. ಎಲ್ಲೂ ಒಂದು ಪಂಪ್ ಇಲ್ಲ. ಬೆಟ್ಟ ಕೊರೆದು, ಕಮರಿಗಳಿಗೆ ದೊಡ್ಡ ಉಕ್ಕಿನ ಕೊಳವೆ ಇಳಿಸಿ, ಇಳಿಜಾರಿನ ಬಲದಲ್ಲೇ ನೀರು ಹರಿಸಿದರು. ಮುಲ್‌ಹೊಲಂಡ್ ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಐರ್ಲೆಂಡಿನಿಂದ ಬಂದು ನೀರಿನ ಕಾಲುವೆಯಲ್ಲಿ ಹೂಳು ತೆಗೆಯುವ ಕೆಲಸದಿಂದ ಮೇಲೆ ಬಂದವನು. ಇಂಜಿನಿಯರಿಂಗ್ ಕೆಲಸವಾಗಿ ನೋಡಿದರೆ ತಲೆ ಬಾಗಬೇಕು. 1913ರ ನವೆಂಬರ್ 5ರಂದು ಸಿಲ್ಮಾರ್ ಹತ್ತಿರ ನೀರು ಧುಮುಕಿದಾಗ ಅವನು ಜನಕ್ಕೆ ಹೇಳಿದ್ದು ಇಷ್ಟೇ: 'ಅಗೋ ಅಲ್ಲಿದೆ. ತಗೊಳ್ಳಿ.' ಐ-5 ಹೆದ್ದಾರಿಯಲ್ಲಿ ಹೋಗುವಾಗ ಗುಡ್ಡದ ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ನೀರು ಈಗಲೂ ಕಾಣುತ್ತದೆ.

1920ರ ದಶಕದಲ್ಲಿ ಬರ ಬಂತು. ನಗರ ಇನ್ನಷ್ಟು ಹೊಲ ಕೊಳ್ಳತೊಡಗಿತು. ಒಂದು ಹಳ್ಳದ ಮೇಲಿನ ರೈತ ಮಾರಿದರೆ ಕೆಳಗಿನವನ ಕಾಲುವೆಗೆ ನೀರು ನಿಲ್ಲುತ್ತಿತ್ತು. ನೆರೆಯವರು ನೆರೆಯವರನ್ನು ನಂಬದ ಹಾಗಾಯಿತು. ಬಿಷಪ್‌ನಲ್ಲಿ ಬ್ಯಾಂಕ್ ನಡೆಸುತ್ತಿದ್ದ ವಿಲ್ಫ್ರೆಡ್ ಮತ್ತು ಮಾರ್ಕ್ ವಾಟರ್ಸನ್ ಅನ್ನುವ ಅಣ್ಣತಮ್ಮಂದಿರು ರೈತರ ಮುಂದಾಳುಗಳು. ಅವರ ಸ್ವಂತ ಚಿಕ್ಕಪ್ಪನೇ ನಗರದ ಕಡೆ ಸೇರಿದ. 1924ರ ಮೇನಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರ್ 16ರಂದು ಸುಮಾರು 70 ಜನ ಲೋನ್ ಪೈನ್ ಹತ್ತಿರ ಅಲಬಾಮಾ ಗೇಟ್‌ಗೆ ಹೋಗಿ, ತೂಬು ತೆರೆದು, ಕಾಲುವೆಯ ನೀರನ್ನೆಲ್ಲ ಹಳೇ ನದಿಗೆ ಬಿಟ್ಟುಬಿಟ್ಟರು. ನಾಲ್ಕು ದಿನ ಅಲ್ಲೇ ಕೂತರು. ಸುತ್ತಲ ಊರಿನ ಹೆಂಗಸರು ಮಕ್ಕಳು ಅಡುಗೆ ಮಾಡಿಕೊಂಡು ಬಂದರು. ಅಲಬಾಮಾ ಹಿಲ್ಸ್‌ನಲ್ಲಿ ಶೂಟಿಂಗ್ ಮಾಡುತ್ತಿದ್ದ ನಟ ಟಾಮ್ ಮಿಕ್ಸ್ ತನ್ನ ಜೊತೆಗಿದ್ದ ವಾದ್ಯದವರನ್ನು ಕಳಿಸಿಕೊಟ್ಟ. ಪತ್ರಿಕೆಗಳ ತುಂಬ ಇದೇ ಸುದ್ದಿ. ರಾಜ್ಯದ ಜನಕ್ಕೆ ಮೊದಲ ಸಲ ಇನ್ಯೋ ಕಂಡಿತು.

ಆದರೆ ಗೆಲುವು ಬರಲಿಲ್ಲ. 1927ರ ಆಗಸ್ಟ್‌ನಲ್ಲಿ ವಾಟರ್ಸನ್‌ರ ಬ್ಯಾಂಕುಗಳ ಬಾಗಿಲು ಮುಚ್ಚಿತು. ಲೆಕ್ಕದಲ್ಲಿ ಇರಬೇಕಾದ ದುಡ್ಡು ಇರಲಿಲ್ಲ. ಕಣಿವೆ ಉಳಿಸೋಕೆ ಅಂತಲೇ ಸುರಿದೆವು ಅಂದರು ಅಣ್ಣತಮ್ಮಂದಿರು. ಇಬ್ಬರಿಗೂ ಜೈಲಾಯಿತು. ಅವರಲ್ಲಿ ಉಳಿತಾಯ ಇಟ್ಟಿದ್ದ ರೈತರು ಬೀದಿಗೆ ಬಂದರು, ಹೋರಾಟ ಮುರಿದುಬಿತ್ತು. ಏಳೇ ತಿಂಗಳಲ್ಲಿ, 1928ರ ಮಾರ್ಚ್ 12ರ ರಾತ್ರಿ, ಲಾಸ್ ಏಂಜಲೀಸಿನ ಉತ್ತರಕ್ಕೆ ಮುಲ್‌ಹೊಲಂಡ್ ಕಟ್ಟಿಸಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು 400ಕ್ಕೂ ಜಾಸ್ತಿ ಜನ ಕೊಚ್ಚಿಹೋದರು. ತಪ್ಪನ್ನು ಅವನು ಯಾರ ಮೇಲೂ ಹಾಕದೆ ತಲೆ ಮೇಲೆ ಹೊತ್ತುಕೊಂಡ. ಅಲ್ಲಿಗೆ ಅವನ ಕೆಲಸವೂ ಮುಗಿಯಿತು.

ಪಯೂಟರ ಲೆಕ್ಕ ಈ ಗಲಾಟೆಯಲ್ಲಿ ಯಾರಿಗೂ ಬೇಕಿರಲಿಲ್ಲ. 1912ರಲ್ಲಿ ಅವರಿಗೆ ಅಂತ ಕೇಂದ್ರ ಸರ್ಕಾರ ಸುಮಾರು 67,000 ಎಕರೆ ಎತ್ತಿಟ್ಟಿತ್ತು. 1932ರಲ್ಲಿ ಒಂದು ಆದೇಶದಿಂದ ಅದನ್ನು ವಾಪಸ್ ತಗೊಂಡು ನಗರದ ನೀರಿನ ರಕ್ಷಣೆಗೆ ಅಂತ ಮೀಸಲಿಟ್ಟರು. 1937ರಲ್ಲಿ ಕೇಂದ್ರ ಸರ್ಕಾರಕ್ಕೂ ನಗರಕ್ಕೂ ಜಮೀನಿನ ಅದಲುಬದಲು ಆಯಿತು. ಪಯೂಟರ ಸುಮಾರು 2,900 ಎಕರೆ ನಗರಕ್ಕೆ ಹೋಯಿತು, ಬದಲಿಗೆ ಬಂದಿದ್ದು 1,400 ಎಕರೆಗೂ ಕಡಿಮೆ. ನೀರಿನ ಹಕ್ಕಿನ ಮಾತು ಆಮೇಲೆ ನೋಡೋಣ ಅಂತ ಬಿಟ್ಟರು. ಆ 'ಆಮೇಲೆ' ಇನ್ನೂ ಬಂದಿಲ್ಲ.

ಸರೋವರ ಏನಾಯಿತು? ಓವೆನ್ಸ್ ಸರೋವರ 280 ಚದರ ಕಿಲೋಮೀಟರ್ ಹರಡಿತ್ತು. ಹಡಗು ಓಡಿದ ಆ ನೀರು 1920ರ ದಶಕದ ಕೊನೆಗೆ ಪೂರ್ತಿ ಒಣಗಿತು. ತಳದಲ್ಲಿ ಉಳಿದಿದ್ದು ಉಪ್ಪು ಮತ್ತು ನುಣ್ಣನೆ ಹಿಟ್ಟಿನಂಥ ಮಣ್ಣು. ಚಳಿಗಾಲದಲ್ಲಿ ಉಪ್ಪು ಉಬ್ಬಿ ಮೇಲಿನ ಪದರ ಪುಡಿಯಾಗುತ್ತದೆ, ಗಾಳಿ ಬೀಸಿದರೆ ಎದ್ದು ಹಾರುತ್ತದೆ. ಆ ಧೂಳಿನಲ್ಲಿ ಆರ್ಸೆನಿಕ್‌ನಂಥ ವಿಷವೂ ಇತ್ತು. ಉಸಿರಿಗೆ ಹೋಗುವ ಸಣ್ಣ ಧೂಳಿನ ವಿಷಯದಲ್ಲಿ ಇಡೀ ಅಮೆರಿಕದಲ್ಲೇ ಅತಿ ದೊಡ್ಡ ಒಂಟಿ ಮೂಲ ಇದೇ ಅಂತಾಯಿತು. ದಡದಲ್ಲಿದ್ದ ಕೀಲರ್ ಅನ್ನುವ ಊರಿನ ಜನ ಗಾಳಿ ಬಂದ ದಿನ ಬಾಗಿಲು ಕಿಟಕಿ ಹಾಕಿಕೊಂಡು ಒಳಗಿರಬೇಕಿತ್ತು. ಎರಡು ಮೂರು ತಲೆಮಾರು ಹೀಗೇ ಹೋಯಿತು.

ನನಗೆ ಈ ಕೌಂಟಿ ಮೇಲೆ ಗೌರವ ಹುಟ್ಟಿದ್ದು ಇಲ್ಲಿಂದ ಮುಂದಿನ ಕಥೆಗೆ. ಡೈನಮೈಟ್ ಮಾಡಲಾಗದ್ದನ್ನು ಫೈಲುಗಳು ಮಾಡಿದವು. 1970ರಲ್ಲಿ ನಗರ ಎರಡನೇ ಕಾಲುವೆ ಹಾಕಿ, ಅದನ್ನು ತುಂಬಿಸೋಕೆ ಕಣಿವೆಯ ಅಂತರ್ಜಲ ಎತ್ತತೊಡಗಿತು. ಚಿಲುಮೆಗಳು ಬತ್ತಿದವು, ಹುಲ್ಲುಗಾವಲು ಒಣಗಿತು. 1972ರಲ್ಲಿ ಪುಟ್ಟ ಇನ್ಯೋ ಕೌಂಟಿ, ಪರಿಸರದ ಹೊಸ ಕಾನೂನು ಹಿಡಿದು, ದೊಡ್ಡ ನಗರದ ಮೇಲೆ ಕೇಸು ಹಾಕಿತು. ಬಿಷಪ್‌ನಲ್ಲಿ ಕೂತ ಗಾಳಿ ಮಾಲಿನ್ಯ ನಿಯಂತ್ರಣದ ಒಂದು ಸಣ್ಣ ಕಚೇರಿ ಧೂಳು ಅಳೆಯಿತು, ಅಂಕಿಅಂಶ ಇಟ್ಟಿತು, ಬಿಡದೆ ಬೆನ್ನು ಹತ್ತಿತು. 1998ರಲ್ಲಿ ನಗರ ಒಪ್ಪಿತು, 2001ರಿಂದ ಸರೋವರದ ತಳಕ್ಕೆ ಮತ್ತೆ ನೀರು ಬಿಡೋಕೆ ಶುರು ಮಾಡಿತು. ಕೆಲವು ಕಡೆ ತೆಳ್ಳಗೆ ನೀರು ನಿಲ್ಲಿಸುವುದು, ಕೆಲವು ಕಡೆ ಉಪ್ಪು ತಡೆಯುವ ಹುಲ್ಲು ಬೆಳೆಸುವುದು, ಕೆಲವು ಕಡೆ ಜಲ್ಲಿ ಹಾಸುವುದು. ಇಲ್ಲಿಯವರೆಗೆ 200 ಕೋಟಿ ಡಾಲರಿಗೂ ಜಾಸ್ತಿ ಖರ್ಚಾಗಿದೆ. ನದಿಯ ವಿಷಯದಲ್ಲಿ ನಗರ ತಡ ಮಾಡಿದಾಗ 2005ರಲ್ಲಿ ನ್ಯಾಯಾಧೀಶರು ದಿನಕ್ಕೆ 5,000 ಡಾಲರ್ ದಂಡ ಹಾಕಿದರು. 2006ರ ಡಿಸೆಂಬರ್‌ನಲ್ಲಿ ಸುಮಾರು 100 ಕಿಲೋಮೀಟರ್ ಉದ್ದದ ಒಣ ನದಿಪಾತ್ರಕ್ಕೆ ನೀರು ಬಂತು.

ಈಗ ವಸಂತದಲ್ಲಿ ಸರೋವರದ ಮಣ್ಣುರಸ್ತೆಯಲ್ಲಿ ಹೋದರೆ ನೀರಿನ ಅಂಚಿಗೆ ಕಪ್ಪು ಪಟ್ಟಿ ಎಳೆದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬಗ್ಗಿದರೆ ಆ ಪಟ್ಟಿ ಸರಕ್ಕನೆ ಸರಿಯುತ್ತದೆ. ಅದು ಉಪ್ಪುನೀರಿನ ನೊಣ, ಲಕ್ಷಾಂತರ. ಕಚ್ಚುವುದಿಲ್ಲ. ಅವನ್ನು ತಿನ್ನೋಕೆ ಅಂತಲೇ ಸಾವಿರಾರು ಕಡಲಂಚಿನ ಹಕ್ಕಿಗಳು ಇಳಿಯುತ್ತವೆ. ಉತ್ತರ ಧ್ರುವದ ಕಡೆ ಹೋಗುವ ದಾರಿಯಲ್ಲಿ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹಕ್ಕಿಗಳಿಗಾಗಿ ಅಂತ ಯಾರೂ ನೀರು ಬಿಡಲಿಲ್ಲ, ಧೂಳಿಗಾಗಿ ಬಿಟ್ಟರು. ಹಕ್ಕಿಗಳು ತಾವಾಗೇ ಬಂದವು.

ಇಂಡಿಪೆಂಡೆನ್ಸ್ ಮತ್ತು ಲೋನ್ ಪೈನ್ ನಡುವೆ ಮಂಜನಾರ್ ಇದೆ. ಇನ್ಯೋದಲ್ಲಿ ಒಂದೇ ಒಂದು ಜಾಗ ನೋಡಬೇಕು ಅಂದರೆ ನಾನು ಇದನ್ನೇ ಹೇಳುತ್ತೇನೆ, ವಿಟ್ನಿಯನ್ನಲ್ಲ. ಇಲ್ಲಿ ಮೊದಲು ಪಯೂಟರ ನೆಲೆ ಇತ್ತು. 1910ರಲ್ಲಿ ಸೇಬು, ಪೇರ್ ಹಣ್ಣಿನ ತೋಟಗಳ ಊರು ಎದ್ದಿತು. 1920ರ ದಶಕದಲ್ಲಿ ನಗರ ತೋಟಗಳನ್ನು ಕೊಂಡಿತು, ಸ್ವಲ್ಪ ವರ್ಷದಲ್ಲಿ ಊರು ಬರಿದಾಯಿತು. 1942ರಲ್ಲಿ, ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ, ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ಹತ್ತು ಶಿಬಿರಗಳಲ್ಲಿ ಇಟ್ಟರು. ಅವುಗಳಲ್ಲಿ ಒಂದನ್ನು ಇಲ್ಲಿ ಕಟ್ಟಿದರು, ನಗರದಿಂದ ಗುತ್ತಿಗೆಗೆ ಪಡೆದ ನೆಲದಲ್ಲಿ. ಒಂದು ಹೊತ್ತಿನಲ್ಲಿ ಇಲ್ಲಿ 10,000ಕ್ಕೂ ಜಾಸ್ತಿ ಜನ ಇದ್ದರು. ಹೆಚ್ಚಿನವರು ಲಾಸ್ ಏಂಜಲೀಸ್ ಕಡೆಯವರು. ಮೂವರಲ್ಲಿ ಇಬ್ಬರು ಅಮೆರಿಕದಲ್ಲೇ ಹುಟ್ಟಿದ ಅಲ್ಲಿನ ಪ್ರಜೆಗಳು. ಅವರ ಮೇಲೆ ಯಾವ ಕೇಸೂ ಇರಲಿಲ್ಲ. ವಿಚಾರಣೆಯೂ ನಡೆಯಲಿಲ್ಲ. ಮುಳ್ಳುತಂತಿ, ಎಂಟು ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕರು.

ಬ್ಯಾರಕ್‌ಗಳನ್ನು ಹಸಿ ಮರದ ಹಲಗೆಯಲ್ಲಿ ಕಟ್ಟಿದ್ದರು. ಬಿಸಿಲಿಗೆ ಹಲಗೆ ಒಣಗಿ ಸಂದು ಬಿಟ್ಟಿತು, ಗಂಟುಗಳು ಉದುರಿ ತೂತಾಯಿತು. ರಾತ್ರಿ ಗಾಳಿ ಎದ್ದರೆ ಬೆಳಗ್ಗೆ ಹಾಸಿಗೆ ಮೇಲೆ, ಮುಖದ ಮೇಲೆ, ಬಾಯಿಯೊಳಗೆ ಮರಳು. ಜನ ಊಟದ ಮನೆಯಿಂದ ಡಬ್ಬಿಗಳ ಮುಚ್ಚಳ ತಂದು ತೂತಿನ ಮೇಲೆ ಮೊಳೆ ಹೊಡೆದರು. ಈಗ ಅಲ್ಲಿ ಹೆಂಗಸರ ಶೌಚಾಲಯ ಒಂದನ್ನು ಆಗ ಇದ್ದ ಹಾಗೇ ಮತ್ತೆ ಕಟ್ಟಿಟ್ಟಿದ್ದಾರೆ. ಉದ್ದನೆ ಕೋಣೆ. ನಡುವೆ ಎರಡು ಸಾಲು ಕಮೋಡ್, ಬೆನ್ನಿಗೆ ಬೆನ್ನು. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಅಡ್ಡ ಏನೂ ಇಲ್ಲ. ಮರ್ಯಾದೆಗೆ ಅಂಜಿ ಎಷ್ಟೋ ಹೆಂಗಸರು ನಡುರಾತ್ರಿ ಎಲ್ಲ ಮಲಗಿದ ಮೇಲೆ ಬರುತ್ತಿದ್ದರಂತೆ. ಆ ಕೋಣೆಯಲ್ಲಿ ನಿಂತಾಗ ನನಗೆ ಗಂಟಲು ಕಟ್ಟಿತು. ಮುಳ್ಳುತಂತಿಯ ಫೋಟೋ ಎಷ್ಟು ನೋಡಿದ್ದರೂ ಹಾಗೆ ಆಗಿರಲಿಲ್ಲ.

ಆ ಜನ ಅಲ್ಲಿ ಬದುಕು ಕಟ್ಟಿದ ರೀತಿ ಇನ್ನೊಂದು ಕಥೆ. ಒಣಗಿ ನಿಂತಿದ್ದ ಹಳೇ ಪೇರ್, ಸೇಬಿನ ಮರಗಳನ್ನು ಸವರಿ, ನೀರು ಹಾಯಿಸಿ, ಮತ್ತೆ ಫಲ ಬರಿಸಿದರು. ಕಲ್ಲು ಜೋಡಿಸಿ ಕೊಳ ಮಾಡಿ ತೋಟ ಹಾಕಿದರು. ಮಕ್ಕಳಿಗೆ ಶಾಲೆ, ಬೇಸ್‌ಬಾಲ್ ತಂಡಗಳು, ಪತ್ರಿಕೆ. ತೋಯೊ ಮಿಯಾಟಾಕೆ ಅನ್ನುವ ಫೋಟೋಗ್ರಾಫರ್ ಕ್ಯಾಮೆರಾ ತರಬಾರದು ಅಂತಿದ್ದರೂ ಲೆನ್ಸ್ ಒಂದನ್ನು ಬಚ್ಚಿಟ್ಟುಕೊಂಡು ತಂದು, ಮರದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಮಾಡಿ ಚಿತ್ರ ತೆಗೆದರು. ರಾಲ್ಫ್ ಲಾಜೊ ಅನ್ನುವ ಹೈಸ್ಕೂಲ್ ಹುಡುಗ ಜಪಾನಿ ಮೂಲದವನೇ ಅಲ್ಲ. ಗೆಳೆಯರನ್ನು ಕರಕೊಂಡು ಹೋಗುತ್ತಾರೆ ಅಂದಾಗ ತಾನೂ ಹೊರಟುಬಂದು ಶಿಬಿರದಲ್ಲಿ ಅವರ ಜೊತೆ ಇದ್ದ. ಎಲ್ಲವೂ ಹೀಗೇ ಸಹಿಸಿಕೊಂಡು ಹೋಗಲಿಲ್ಲ. 1942ರ ಡಿಸೆಂಬರ್ 6ರಂದು ಗಲಭೆ ಆಗಿ, ಸೈನಿಕರ ಗುಂಡಿಗೆ ಇಬ್ಬರು ಯುವಕರು ಸತ್ತರು. 1945ರ ನವೆಂಬರ್‌ನಲ್ಲಿ ಶಿಬಿರ ಮುಚ್ಚುವಾಗ ಒಬ್ಬೊಬ್ಬರ ಕೈಗೆ 25 ಡಾಲರ್, ಒಂದು ಕಡೆಯ ಟಿಕೆಟ್. ಮೂರೂವರೆ ವರ್ಷದ ಬದುಕಿಗೆ ಅಷ್ಟೇ. ಎಷ್ಟೋ ಜನಕ್ಕೆ ಹೋಗೋಕೆ ಮನೆ ಉಳಿದಿರಲಿಲ್ಲ. ಸರ್ಕಾರ ಕ್ಷಮೆ ಕೇಳಿ 20,000 ಡಾಲರ್ ಕೊಡಲು ಒಪ್ಪಿದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಹಿರಿಯರು ಬಹಳ ಮಂದಿ ತೀರಿಕೊಂಡಿದ್ದರು.

ಇಲ್ಲಿಗೆ ಯಾತ್ರೆ ಬರುವ ಪದ್ಧತಿ 1969ರಿಂದ ದೊಡ್ಡದಾಗಿ ನಡೆಯುತ್ತಿದೆ. ಸ್ಮಶಾನದಲ್ಲಿ 1943ರಲ್ಲೇ ಕಟ್ಟಿದ ಬಿಳಿ ಕಂಬ ಇದೆ, ಅದರ ಸುತ್ತ ಬಣ್ಣದ ಕಾಗದದ ಕೊಕ್ಕರೆಗಳ ಸರ ಕಟ್ಟುತ್ತಾರೆ. ಬಾಲ್ಯ, ಯೌವನ ಇಲ್ಲಿ ಕಳೆದವರಲ್ಲಿ ಎಷ್ಟೋ ಜನ ಮಕ್ಕಳಿಗೂ ಆ ವಿಷಯ ಬಾಯಿ ಬಿಟ್ಟಿರಲಿಲ್ಲ. ಶಿಬಿರದಲ್ಲಿದ್ದ ಸ್ಯೂ ಕುನಿಟೊಮಿ ಎಂಬ್ರಿ ಆ ಮೌನ ಮುರಿದು ದಶಕಗಳ ಕಾಲ ಓಡಾಡಿದರು. 1973ರಲ್ಲಿ ನಿಲ್ಲಿಸಿದ ಫಲಕದಲ್ಲಿ ಇದನ್ನು 'ಕಾನ್ಸಂಟ್ರೇಶನ್ ಕ್ಯಾಂಪ್' ಅಂತ, ನಾಜಿಗಳ ಕಾಲದ ಹೆಸರಿನಲ್ಲಿ ಕರೆದಿದ್ದು ಸರಿಯಿಲ್ಲ ಅಂತ ಸ್ಥಳೀಯರಲ್ಲಿ ಕೆಲವರು ಸಿಟ್ಟಾದರು. ಯಾರೋ ಅಕ್ಷರ ಉಜ್ಜಿ ಹಾಕಿದರು, ಆ ಗಾಯ ಇನ್ನೂ ಇದೆ. 1992ರಲ್ಲಿ ಇದು ರಾಷ್ಟ್ರೀಯ ಚಾರಿತ್ರಿಕ ಸ್ಥಳ ಆಯಿತು. 2001ರ ದಾಳಿಯ ನಂತರ ಅಮೆರಿಕದ ಮುಸ್ಲಿಮರ ಮೇಲೆ ಅನುಮಾನದ ಕಣ್ಣು ಬಿದ್ದಾಗ ಜಪಾನಿ ಅಮೆರಿಕನ್ನರು ಅವರ ಪರ ನಿಂತರು. ಅಲ್ಲಿಂದೀಚೆಗೆ ಲಾಸ್ ಏಂಜಲೀಸಿನ ಮುಸ್ಲಿಂ ಕುಟುಂಬಗಳೂ ಈ ಯಾತ್ರೆಗೆ ಬರುತ್ತವೆ.

ಡೆತ್ ವ್ಯಾಲಿ ಕಡೆಯ ಒಂದು ಮಾತು ಹೇಳದೆ ಮುಗಿಸಲಾರೆ. ಅಲ್ಲಿ ಟಿಂಬಿಶಾ ಶೊಶೋನ್ ಜನ ಇದ್ದಾರೆ. 1933ರಲ್ಲಿ ಅವರ ಊರನ್ನು ಅವರನ್ನು ಕೇಳದೆಯೇ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಬೇಸಿಗೆಯ ಉರಿ ತಾಳದೆ ಅವರು ಬೆಟ್ಟಕ್ಕೆ ಹೋದಾಗ ಖಾಲಿ ಬಿಟ್ಟ ಮಣ್ಣಿನ ಮನೆಗಳನ್ನು ಪಾರ್ಕಿನವರು ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದು ಕರಗಿಸಿದರು. ಕೆಲವು ಕುಟುಂಬಗಳು ಜಗ್ಗಲಿಲ್ಲ. ಪಾಲಿನ್ ಎಸ್ಟೆವೆಸ್ ಅನ್ನುವ ಹಿರಿಯಮ್ಮ ಮುಂದೆ ನಿಂತರು. 2000ದಲ್ಲಿ ಕಾಂಗ್ರೆಸ್ ಕಾನೂನು ಮಾಡಿ 7,700 ಎಕರೆ ಚಿಲ್ಲರೆ ನೆಲ ಅವರಿಗೆ ವಾಪಸ್ ಕೊಟ್ಟಿತು, ಅದರಲ್ಲಿ ಒಂದು ಭಾಗ ಪಾರ್ಕಿನ ಒಳಗೇ ಇದೆ.

ಈ ಕಥೆಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇನ್ಯೋದ ಬಗ್ಗೆ ದೊಡ್ಡ ತೀರ್ಮಾನ ಮಾಡಿದವರೆಲ್ಲ ಹೊರಗಿನವರು. ಸೈನ್ಯ, ನಗರ, ಅಧ್ಯಕ್ಷರು, ಯುದ್ಧ ಇಲಾಖೆ, ಪಾರ್ಕ್. ಅವರ ಕಾಗದದಲ್ಲಿ ಇದು ಖಾಲಿ ನೆಲ. ಖಾಲಿ ಅಂತ ಬರೆದುಕೊಂಡ ಮೇಲೆ ಇರುವವರನ್ನು ಎಬ್ಬಿಸುವುದೂ ಸುಲಭ, ಬೇಡದವರನ್ನು ತಂದು ಕೂಡಿಹಾಕುವುದೂ ಸುಲಭ. ಇನ್ನೊಂದು ಮಾತನ್ನೂ ಒಪ್ಪಬೇಕು. ನಗರ ಕೊಂಡುಕೊಂಡಿದ್ದರಿಂದಲೇ ಈ ಕಣಿವೆಯಲ್ಲಿ ಸಾಲು ಮನೆ, ಮಾಲ್ ಏನೂ ಬರಲಿಲ್ಲ. ನಾವು ಹೋಗಿ ಖುಷಿಪಡುವ ಆ ತೆರೆದ ಬಯಲು ಉಳಿದಿದ್ದು ಹಾಗೆ. ಸ್ಥಳೀಯರಲ್ಲೂ ಎಷ್ಟೋ ಜನ ಇದನ್ನು ಹೇಳುತ್ತಾರೆ. ಆದರೆ ಅವರ ಮಕ್ಕಳು ಮನೆ ಕಟ್ಟೋಕೆ ಒಂದು ಸೈಟು ಸಿಗದೆ ಊರು ಬಿಡುತ್ತಾರೆ ಅನ್ನುವುದೂ ಅದರ ಜೊತೆಗೇ ಬರುವ ಮಾತು.

2013ರಲ್ಲಿ ನಗರದ ನೀರು ಮತ್ತು ವಿದ್ಯುತ್ ಇಲಾಖೆ ಇದೇ ಕಣಿವೆಯಲ್ಲಿ, ಮಂಜನಾರ್‌ನ ಎದುರಿಗೆ ಕಾಣುವ ಹಾಗೆ, 1,200 ಎಕರೆಯ ಸೌರ ವಿದ್ಯುತ್ ಸ್ಥಾವರ ಹಾಕುವ ಯೋಜನೆ ತಂದಿತು. ಸೌರ ವಿದ್ಯುತ್ ಒಳ್ಳೆಯದೇ. ಆದರೆ ಕಾಗದದಲ್ಲಿ ಮತ್ತೆ ಅದೇ ಖಾಲಿ ನೆಲ. ಈ ಸಲ ಸಭೆಗಳಿಗೆ ಪಯೂಟರು ಬಂದು, ಅಲ್ಲಿ ತಮ್ಮ ಹಿರಿಯರ ನೆಲೆಗಳಿವೆ ಅಂದರು. ಲಾಸ್ ಏಂಜಲೀಸಿನಿಂದ ಮಂಜನಾರ್ ಸಮಿತಿಯವರು ಬಂದರು. ದನ ಸಾಕುವವರು, ಲೋನ್ ಪೈನ್, ಇಂಡಿಪೆಂಡೆನ್ಸ್‌ನ ಜನ ಬಂದರು. ಒಬ್ಬರ ಅಜ್ಜ ಇನ್ನೊಬ್ಬರ ಅಜ್ಜನ ನೆಲ ಕಿತ್ತುಕೊಂಡಿದ್ದ ಜಾಗದಲ್ಲಿ ಮೊಮ್ಮಕ್ಕಳು ಒಂದೇ ಮೈಕಿನ ಮುಂದೆ ಸಾಲಾಗಿ ನಿಂತು ಬೇಡ ಅಂದರು. ಯೋಜನೆ ಮುಂದೆ ಹೋಗಲಿಲ್ಲ. ಮಂಜನಾರ್ ಯಾತ್ರೆ ಈಗಲೂ ಪ್ರತಿ ವರ್ಷ ಏಪ್ರಿಲ್ ಕೊನೆಯ ಶನಿವಾರ ನಡೆಯುತ್ತದೆ, ಯಾರು ಬೇಕಾದರೂ ಹೋಗಬಹುದು. ಮ್ಯಾಮತ್ ದಾರಿಯಲ್ಲೇ ಇದೆ. ಮಕ್ಕಳನ್ನೂ ಕರಕೊಂಡು ಹೋಗಿ, ಟೋಪಿ ಮತ್ತು ನೀರು ಮರೀಬೇಡಿ, ಗಾಳಿ ಜಾಸ್ತಿ ಇರುತ್ತದೆ.